ಮಂಡಿ ನೋವಿಗೆ ಸೂಜಿ ಹಾಕುವಾಗ ನಾನು ಏನೇನು ನೋಡುತ್ತೇನೆ

ನನ್ನ ಹತ್ತಿರ ಅಕ್ಯುಪಂಕ್ಚರ್‌ಗೆ, ಅಂದರೆ ಮೈಯ ಕೆಲವು ಜಾಗಗಳಿಗೆ ತೆಳು ಸೂಜಿ ಹಾಕುವ ಚೀನೀ ಚಿಕಿತ್ಸೆಗೆ, ಬರುವವರಲ್ಲಿ ಹೆಚ್ಚಿನವರು ಮಂಡಿ ನೋವಿನವರೇ. ಸಾಗರದ ಸುತ್ತಮುತ್ತಲಿನ ಊರುಗಳಲ್ಲಿ ಇದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಅಡಿಕೆ ಕೊಯ್ಲು ಶುರುವಾಯಿತೆಂದರೆ ಹೆಂಗಸರು ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕಾಲು ಮಡಚಿ ಕೂತರೆ ರಾತ್ರಿ ಎಷ್ಟು ಹೊತ್ತಾದರೂ ಏಳುವುದಿಲ್ಲ, ಮಾರನೇ ದಿನ ಮತ್ತೆ ಅದೇ. ಸುಗ್ಗಿ ಮುಗಿಯುವ ಹೊತ್ತಿಗೆ ಬಸ್ಸಿನ ಮೆಟ್ಟಿಲು ಹತ್ತುವುದೂ ಕಷ್ಟ. ನಾನು ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಪದವಿ) ಓದಿದವಳು, ಆ ಕೋರ್ಸಿನಲ್ಲೇ ಅಕ್ಯುಪಂಕ್ಚರ್ ಕಲಿಸುತ್ತಾರೆ. ಪ್ರಾಕ್ಟೀಸ್ ಶುರು ಮಾಡಿದ ಮೇಲೆ ನೋವಿಗೆ ನಾನು ಜಾಸ್ತಿ ನೆಚ್ಚಿಕೊಂಡಿದ್ದು ಇದನ್ನೇ. ಹೇಗೆ ಮಾಡುತ್ತೇನೆ, ಯಾವಾಗ ಮಾಡುವುದಿಲ್ಲ, ಎರಡನ್ನೂ ಹೇಳುತ್ತೇನೆ.

ಬಂದವರಿಗೆ ನನ್ನ ಮೊದಲ ಪ್ರಶ್ನೆ, 'ತಿಂಡಿ ಆಯ್ತಾ?' ಬೆಳಗಿನ ಮೊದಲ ಬಸ್ಸಿಗೆ ಬರುವವರು ಬರೀ ಟೀ ಕುಡಿದು ಬಂದಿರುತ್ತಾರೆ. ಖಾಲಿ ಹೊಟ್ಟೆಯಲ್ಲಿ, ಅದೂ ಮೊದಲ ಸಲ ಸೂಜಿ ಹಾಕಿಸಿಕೊಳ್ಳುವವರಿಗೆ ತಲೆ ಸುತ್ತಿ ಬರುವುದು, ಬೆವರುವುದು ಉಂಟು. ಅಂಥವರನ್ನು ಏನಾದರೂ ತಿಂದು ಬನ್ನಿ ಅಂತ ಕಳಿಸುತ್ತೇನೆ. ಮೊದಲ ಸಲ ಯಾರಿಗೂ ಕೂರಿಸಿ ಹಾಕುವುದಿಲ್ಲ, ಮಲಗಿಸಿಯೇ.

ಆಮೇಲೆ ಮಂಡಿ ನೋಡುತ್ತೇನೆ. ಕೆಂಪಗೆ ಊದಿಕೊಂಡು ಮುಟ್ಟಿದರೆ ಬಿಸಿ ಇದ್ದು ಜ್ವರವೂ ಇದ್ದರೆ ಸೂಜಿ ಮಾತೇ ಇಲ್ಲ, ಕೀಲಿನೊಳಗೆ ಕೀವು ಆಗಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಬೇಕು. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಾರಾ, ಎದೆಯಲ್ಲಿ ಪೇಸ್‌ಮೇಕರ್ ಇದೆಯಾ, ಬಸುರಿಯಾ, ಇಷ್ಟನ್ನೂ ಕೇಳಲೇಬೇಕು. ಪೇಸ್‌ಮೇಕರ್ ಇದ್ದವರಿಗೆ ಸೂಜಿಗೆ ಕರೆಂಟ್ ಜೋಡಿಸುವ ವಿಧಾನ ಬೇಡ. ಸೂಜಿ ಹಾಕುವ ಜಾಗಕ್ಕೆ ನಾವು ಬಿಂದು ಅನ್ನುತ್ತೇವೆ. ಬಸುರಿಯರಿಗೆ ಹೆಬ್ಬೆರಳು ತೋರುಬೆರಳಿನ ನಡುವಿನ ಬಿಂದು ಮತ್ತು ಒಳಪಾದದ ಗಂಟಿನ ಮೇಲಿನ ಬಿಂದು ಎರಡನ್ನೂ ಬಿಡುವುದು ಮೊದಲಿನಿಂದ ಬಂದ ರೂಢಿ, ನಾನೂ ಅದನ್ನೇ ಪಾಲಿಸುತ್ತೇನೆ.

ಮಂಡಿಯ ಕೆಳಗೆ ದಿಂಬು ಇಟ್ಟು ಕಾಲು ಸ್ವಲ್ಪ ಮಡಚಿರುವ ಹಾಗೆ ಮಲಗಿಸುತ್ತೇನೆ. ಮಂಡಿ ಚಿಪ್ಪಿನ ಕೆಳಗೆ ಎರಡೂ ಪಕ್ಕ ಒಂದೊಂದು ಗುಳಿ ಕಾಣುತ್ತದಲ್ವಾ, ಆ ಎರಡು. ಹೊರಗಿನ ಗುಳಿಯಿಂದ ಕೆಳಗೆ ನಾಲ್ಕು ಬೆರಳು, ಮುಂಗಾಲಿನ ಮೂಳೆಯ ಅಂಚಿನಿಂದ ಒಂದು ಬೆರಳು ಹೊರಗೆ, ಅಲ್ಲಿ ಒಂದು. ಇದೇ ಹೆಸರುವಾಸಿಯಾದ ಸ್ಟಮಕ್ 36, ಹೊಟ್ಟೆಯ ಹೆಸರಿನ ಸಾಲಿನ 36ನೇ ಬಿಂದು. ಬೆರಳು ಅಂದರೆ ನನ್ನ ಬೆರಳಲ್ಲ, ಮಲಗಿರುವವರ ಬೆರಳು. ಅವರ ಮೈ ಅಳತೆಗೆ ಅವರದೇ ಕೈ. ಒಳಗಡೆ ಮಂಡಿ ಕೆಳಗಿನ ಮೂಳೆಯ ಉಬ್ಬು ಮುಗಿಯುವ ತಗ್ಗಿನಲ್ಲಿ ಇನ್ನೊಂದು, ಹೊರಗಡೆ ಸಣ್ಣ ಮೂಳೆಯ ತಲೆಯ ಮುಂದೆ ಕೆಳಗೆ ಮತ್ತೊಂದು. ಪುಸ್ತಕದ ಜಾಗ ಇಷ್ಟು. ಆದರೆ ಪುಸ್ತಕದ ಜಾಗಕ್ಕೆ ನೇರವಾಗಿ ಸೂಜಿ ಇಳಿಸುವುದಿಲ್ಲ, ಹೆಬ್ಬೆರಳಿನಿಂದ ಅತ್ತಿತ್ತ ಒತ್ತುತ್ತಾ ಹೋಗುತ್ತೇನೆ. 'ಅಮ್ಮ, ಇಲ್ಲಿ ಹೇಗಿದೆ?' ಅಂದರೆ 'ಏನಿಲ್ಲ' ಅನ್ನುತ್ತಾರೆ, ಅರ್ಧ ಬೆರಳು ಸರಿದರೆ 'ಅಯ್ಯೋ ಅಲ್ಲೇ ಡಾಕ್ಟ್ರಮ್ಮ, ಅಲ್ಲೇ' ಅಂತ ಕಾಲು ಎಳೆದುಕೊಳ್ಳುತ್ತಾರೆ. ಅಲ್ಲಿ ಪೆನ್ನಿನಲ್ಲಿ ಗುರುತು. ಈ ಹುಡುಕಾಟಕ್ಕೆ ಸೂಜಿ ಹಾಕುವುದಕ್ಕಿಂತ ಜಾಸ್ತಿ ಹೊತ್ತು ಬೇಕು, ಅದನ್ನು ಅವಸರ ಮಾಡಬಾರದು.

ಸೂಜಿ ನೋಡಿದರೆ ಹೆದರಿಕೆ ಅರ್ಧ ಹೋಗುತ್ತದೆ. ದಪ್ಪ 0.25 ಮಿಲಿಮೀಟರ್, ಇಂಜೆಕ್ಷನ್ ಸೂಜಿಯ ಅರ್ಧಕ್ಕಿಂತ ತೆಳು, ಒಳಗೆ ತೂತಿಲ್ಲ, ಔಷಧಿಯೂ ಇಲ್ಲ. ಪ್ಯಾಕೆಟ್ ಅವರ ಎದುರೇ ಒಡೆಯುತ್ತೇನೆ, ಒಮ್ಮೆ ಬಳಸಿದ್ದು ನೇರ ಸೂಜಿ ಡಬ್ಬಿಗೆ. ಚರ್ಮ ಒರೆಸಿ, ಪ್ಲಾಸ್ಟಿಕ್ ಕೊಳವೆ ಇಟ್ಟು ಮೇಲಿಂದ ಬೆರಳಲ್ಲಿ ತಟ್ಟಿದರೆ ಸೂಜಿ ಒಳಗೆ ಹೋಗಿದ್ದೇ ಗೊತ್ತಾಗುವುದಿಲ್ಲ ಎಷ್ಟೋ ಜನರಿಗೆ. ಆಮೇಲೆ ಕೊಳವೆ ತೆಗೆದು ನಿಧಾನ ಇಳಿಸಬೇಕು. ಸ್ವಲ್ಪ ತಿರುಗಿಸಿದಾಗ ಒಂದು ಹಂತದಲ್ಲಿ ಒಳಗಿನಿಂದ ಹಿಡಿದುಕೊಂಡ ಹಾಗಾಗುತ್ತದೆ, ಗಾಳಕ್ಕೆ ಮೀನು ಕಚ್ಚಿದ ಹಾಗೆ ಅಂತ ಹಳೇ ಚೀನೀ ವೈದ್ಯರು ಹೇಳಿದ್ದು ಸರಿಯಾಗೇ ಇದೆ. ಅದೇ ಹೊತ್ತಿಗೆ ಮಲಗಿದವರಿಗೆ ಜೋಮು, ಭಾರ, ಪಾದದವರೆಗೆ ಸಣ್ಣ ಸೆಳೆತ. ಸೂಜಿ ತಿರುಗಿಸಿದಾಗ ಚರ್ಮದ ಅಡಿಯ ಎಳೆಗಳು ಅದಕ್ಕೆ ಸುತ್ತಿಕೊಳ್ಳುತ್ತವೆ ಅಂತ ಅಮೆರಿಕದ ಹೆಲೀನ್ ಲ್ಯಾಂಜೆವಿನ್ ತಂಡದವರು ತೋರಿಸಿದ್ದಾರೆ. ನನ್ನ ಬೆರಳಿಗೆ ತಾಗುವುದು ಇದೇ ಇರಬೇಕು. ಚುಚ್ಚುವ, ಉರಿಯುವ ನೋವಾದರೆ ಮಾತ್ರ ಅದು ಬೇರೆ, ತಕ್ಷಣ ಮೇಲೆತ್ತುತ್ತೇನೆ.

ಇಪ್ಪತ್ತರಿಂದ ಮೂವತ್ತು ನಿಮಿಷ ಬಿಡುತ್ತೇನೆ. ಹಾಕಿದ ಸೂಜಿ ಎಷ್ಟು ಅಂತ ಕಾರ್ಡಿನಲ್ಲಿ ಮೊದಲೇ ಬರೆದಿರುತ್ತೇನೆ, ತೆಗೆಯುವಾಗ ಎಣಿಸಿ ತಾಳೆ ನೋಡುತ್ತೇನೆ. ಒಂದು ಸೂಜಿ ಸೀರೆ ಮಡಿಕೆಯಲ್ಲಿ ಉಳಿದರೂ ಅಪಾಯ.

ಇದರಿಂದ ನಿಜಕ್ಕೂ ಗುಣ ಇದೆಯಾ ಅಂತ ಓದಿದವರು ಕೇಳುತ್ತಾರೆ. ಕೇಳಲೇಬೇಕು. ಜರ್ಮನಿಯಲ್ಲಿ ಮಂಡಿ ಸವೆತದ ಸಾವಿರಕ್ಕೂ ಹೆಚ್ಚು ಜನರ ಮೇಲೆ ಒಂದು ದೊಡ್ಡ ಪರೀಕ್ಷೆ ನಡೆಯಿತು, ಫಲಿತಾಂಶ 2006ರಲ್ಲಿ ಬಂತು. ಸರಿಯಾದ ಬಿಂದುಗಳಿಗೆ ಸೂಜಿ ಹಾಕಿಸಿಕೊಂಡವರಲ್ಲಿ ಸುಮಾರು 53 ಶೇಕಡಾ ಜನಕ್ಕೆ ಚೆನ್ನಾಗಿ ಗುಣ ಕಂಡಿತು, ಬರೀ ಮಾಮೂಲಿ ಚಿಕಿತ್ಸೆಯವರಲ್ಲಿ 29 ಶೇಕಡಾ. ಆದರೆ ಬಿಂದುವೇ ಅಲ್ಲದ ಜಾಗಕ್ಕೆ, ಆಳಕ್ಕೆ ಇಳಿಸದೆ ಸೂಜಿ ಹಾಕಿದ ಗುಂಪಿನಲ್ಲೂ 51 ಶೇಕಡಾ! ಇದನ್ನು ನಮ್ಮವರು ಎಷ್ಟೋ ಜನ ಹೇಳುವುದೇ ಇಲ್ಲ, ನನಗೆ ಅದು ಸರಿ ಕಾಣುವುದಿಲ್ಲ. ಬಿಂದುವಿನ ಕರಾರುವಾಕ್ಕು ನಾವು ಕಲಿತಷ್ಟು ದೊಡ್ಡದಲ್ಲ ಅಂತ ಆ ಅಂಕಿ ಹೇಳುತ್ತಿದೆ. ಆಮೇಲೆ 2018ರಲ್ಲಿ 39 ಪ್ರಯೋಗಗಳ 20,827 ಜನರ ಲೆಕ್ಕ ಒಟ್ಟು ಮಾಡಿ ನೋಡಿದಾಗ, ಬಹುಕಾಲದ ನೋವಿನಲ್ಲಿ ನಿಜವಾದ ಸೂಜಿ ಹುಸಿ ಸೂಜಿಗಿಂತ ಸ್ವಲ್ಪ ಮೇಲೆ, ಸೂಜಿಯೇ ಹಾಕದೇ ಇರುವುದಕ್ಕಿಂತ ಸಾಕಷ್ಟು ಮೇಲೆ ಅಂತ ಬಂತು. ಒಂದು ವರ್ಷದ ನಂತರವೂ ಗುಣದ ಬಹುಪಾಲು ಉಳಿದಿತ್ತು. ಹಾಗಿದ್ದರೂ ನಾನು ಬಿಂದು ಹುಡುಕುವುದನ್ನು ಯಾಕೆ ಬಿಟ್ಟಿಲ್ಲ ಅಂದರೆ, ಆ ಹೊತ್ತಿನಲ್ಲೇ ನೋವು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಸೊಂಟದಿಂದ ಬರುತ್ತಿದೆಯಾ ಅನ್ನುವುದು ಗೊತ್ತಾಗುವುದು. ಇನ್ನೊಂದು, ಇಡೀ ವರ್ಷ ಎಲ್ಲರ ಕೆಲಸ ಮಾಡಿದ ಹೆಂಗಸಿಗೆ ಅರ್ಧ ಗಂಟೆ ಮಲಗಿರಿ ಅಂತ ಯಾರೂ ಹೇಳಿರುವುದಿಲ್ಲ. ಅದರ ಪಾಲೂ ಗುಣದಲ್ಲಿ ಇದೆ ಅಂತ ನಾನು ನಂಬಿದ್ದೇನೆ.

ವಾಕರಿಕೆಗೂ ಇದು ಒಳ್ಳೆಯದು, ಆಪರೇಷನ್ ಆದ ಮೇಲಿನ ವಾಂತಿಗೆ ಮಣಿಕಟ್ಟಿನ ಬಿಂದು ಉಪಯೋಗ ಅಂತ ಪ್ರಯೋಗಗಳಲ್ಲಿ ಕಂಡಿದೆ. ಅಂಗೈ ಕಡೆ ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಮೂರು ಬೆರಳು, ಎರಡು ಸ್ನಾಯುರಜ್ಜುಗಳ (ಟೆಂಡನ್) ನಡುವೆ. ಸೂಜಿ ಬೇಕಿಲ್ಲ, ಒತ್ತಿದರೆ ಸಾಕು. ಆಗುಂಬೆ ಘಾಟಿ ಇಳಿಯುವಾಗ ಹೊಟ್ಟೆ ತೊಳಸುವವರಿಗೆ ಇದನ್ನು ತೋರಿಸಿಕೊಡುತ್ತೇನೆ, ಹಾನಿಯಂತೂ ಇಲ್ಲ.

ನಮ್ಮ ದೇಶಕ್ಕೆ ಈ ವಿದ್ಯೆ ತಂದವರು ಕೋಲ್ಕತ್ತದ ಡಾ. ಬಿ.ಕೆ. ಬಸು. 1938ರಲ್ಲಿ ಯುದ್ಧದ ಗಾಯಾಳುಗಳ ಚಿಕಿತ್ಸೆಗೆ ಚೀನಾಕ್ಕೆ ಹೋದ ಐದು ಭಾರತೀಯ ವೈದ್ಯರ ತಂಡದಲ್ಲಿ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಜೊತೆ ಅವರೂ ಇದ್ದರು. 2019ರಲ್ಲಿ ಕೇಂದ್ರ ಸರ್ಕಾರ ಇದಕ್ಕೆ ಪ್ರತ್ಯೇಕ ಪದ್ಧತಿಯ ಮಾನ್ಯತೆ ಕೊಟ್ಟಿತು. ಮಾನ್ಯತೆ ಬಂತು ಅಂತ ಎಲ್ಲ ಕಾಯಿಲೆಗೂ ಸೂಜಿ ಅಂತಲ್ಲ. ಶುಗರ್ ಮಾತ್ರೆ ಬಿಡಿಸುತ್ತೇನೆ, ಕಿಡ್ನಿ ಸರಿ ಮಾಡುತ್ತೇನೆ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಅಂಥವರ ಮಾತು ಕೇಳಿ ಇನ್ಸುಲಿನ್ ನಿಲ್ಲಿಸಿದರೆ ಜೀವಕ್ಕೇ ಕುತ್ತು. ಹಾಕುವವರು ಏನು ಓದಿದ್ದಾರೆ, ಸೂಜಿ ಹೊಸದಾ, ಕೇಳಿ. ಭುಜ, ಬೆನ್ನಿನ ಮೇಲ್ಭಾಗದಲ್ಲಿ ಆಳಕ್ಕೆ ಹೋದರೆ ಶ್ವಾಸಕೋಶಕ್ಕೆ ತಾಗಬಹುದು, ಅಂಗರಚನೆ ಗೊತ್ತಿಲ್ಲದವರ ಕೈಗೆ ಅಲ್ಲಿ ಬೆನ್ನು ಕೊಡಬೇಡಿ.

ಮಂಡಿಗೆ ವಾರಕ್ಕೆರಡು ಸಲದಂತೆ ಕರೆಯುತ್ತೇನೆ. ಜೊತೆಗೆ ತೊಡೆಯ ಮುಂಭಾಗ ಬಿಗಿ ಹಿಡಿಯುವ ವ್ಯಾಯಾಮ ಕಲಿಸುತ್ತೇನೆ. ಅದು ಮನೆಯಲ್ಲಿ ದಿನಾ ಆಗಲೇಬೇಕು, ಇಲ್ಲದಿದ್ದರೆ ಸೂಜಿಯ ಗುಣ ಬೇಗ ಇಳಿಯುತ್ತದೆ. ಕೂತು ಸುಲಿಯುವ ಮಣೆ ಎತ್ತರ ಮಾಡಿಸಿ ಅಂತ ಮನೆಯ ಗಂಡಸರಿಗೇ ಹೇಳಿ ಕಳಿಸುತ್ತೇನೆ. ಐದಾರು ಸಲ ಆದರೂ ರಾತ್ರಿ ನಿದ್ದೆ, ಮೆಟ್ಟಿಲು ಹತ್ತುವುದು ಯಾವುದರಲ್ಲೂ ಬದಲಾವಣೆ ಇಲ್ಲ ಅಂದರೆ ಮುಂದಕ್ಕೆ ಎಳೆಯುವುದಿಲ್ಲ. ದುಡ್ಡು ಇಲ್ಲಿ ಖರ್ಚು ಮಾಡಬೇಡಿ, ಮೂಳೆ ಡಾಕ್ಟರನ್ನು ನೋಡಿ ಅಂತ ಚೀಟಿ ಬರೆದು ಕೊಡುತ್ತೇನೆ.