ಕ್ಷೌರಗತ್ತಿಗೆ ಅಗ್ಗದ ಸ್ಟ್ರಾಪ್: ನನ್ನ ಅನುಭವ

ಸಾಣೆ ಹಿಡಿಸಿದ ಕ್ಷೌರಗತ್ತಿಯು ಮುಂಗೈ ಕೂದಲನ್ನು ಸಲೀಸಾಗಿ ಕತ್ತರಿಸುತ್ತಿದ್ದರೂ ಗದ್ದದ ಮೇಲೆ ಮಾತ್ರ ಕೂದಲನ್ನು ಎಳೆಯುತ್ತಿತ್ತು. ಕೋಲಾರದ ಕೊಳವೆಬಾವಿಯ ಗಡಸು ನೀರನ್ನು ಕುದಿಸಿ ಬಳಸಿದರೂ, ಸೋಪು ಬದಲಿಸಿದರೂ ಎಳೆತ ನಿಲ್ಲಲಿಲ್ಲ. ಸ್ಟ್ರಾಪ್ ಆಗಿ, ಅಂದರೆ ಸಾಣೆಯ ಬಳಿಕ ಕತ್ತಿಯ ಅಂಚನ್ನು ಎಳೆದು ನಯಗೊಳಿಸುವ ಪಟ್ಟಿಯಾಗಿ, ಬಳಸಿದ ಹಳೆಯ ಸೊಂಟದ ಬೆಲ್ಟೂ ಫಲ ಕೊಡಲಿಲ್ಲ. ಅಗ್ಗದ ಬೆಲ್ಟುಗಳಲ್ಲಿ ಹಲವು ಬರೀ ರೆಕ್ಸಿನ್, ಉಳಿದವು ಪಾಲಿಶ್ ಪದರ ಹೊದ್ದ ಚರ್ಮವಾದ್ದರಿಂದ ಅಲಗು ಅವುಗಳ ಮೇಲೆ ಜಾರುತ್ತದೆ, ಅಷ್ಟೆ.

ಕೆಲಸ ಮಾಡಿದ್ದು ಹಳೆಯ ದಿನಪತ್ರಿಕೆ. ಸುಮಾರು 30 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲದ ದಪ್ಪ ಗಾಜಿನ ಪಟ್ಟಿಗೆ (ಅಂಚುಗಳನ್ನು ಗಾಜಿನಂಗಡಿಯಲ್ಲೇ ಉಜ್ಜಿಸಿಕೊಳ್ಳಬೇಕು) ಒಂದೇ ಪದರ ಕಾಗದವನ್ನು ಸುಕ್ಕಿಲ್ಲದಂತೆ ಬಿಗಿದು ಹಿಂಬದಿಯಲ್ಲಿ ಟೇಪು ಹಾಕಬೇಕು. ಮಡಿಕೆಯ ಗೆರೆಯಿಲ್ಲದ, ಸಣ್ಣ ಅಕ್ಷರಗಳ ಭಾಗವೇ ಉತ್ತಮ. ಹೊಳಪಿನ ಪುರವಣಿ ಬೇಡ. ಕಾಗದದ ನಾರು ಮತ್ತು ಕಪ್ಪು ಶಾಯಿಯ ಇಂಗಾಲದ ಕಣಗಳೇ ಇಲ್ಲಿ ಅಂಚನ್ನು ನಯಗೊಳಿಸುತ್ತವೆ.

ಕತ್ತಿಯ ಬೆನ್ನು, ಬಾಯಿ ಎರಡೂ ತಾಗುವಂತೆ ಮಲಗಿಸಿ, ಬೆನ್ನನ್ನು ಮುಂದಿಟ್ಟು ಎಳೆಯಬೇಕು. ತುದಿ ತಲುಪಿದಾಗ ಬೆನ್ನು ಕಾಗದವನ್ನು ಬಿಡದಂತೆ ಅದರ ಮೇಲೆಯೇ ಹೊರಳಿಸಿ ಮರಳಿ ಎಳೆಯಬೇಕು. ಬಾಯಿಯ ಮೇಲೆ ಹೊರಳಿಸಿದರೆ ಕಾಗದವೂ ಹರಿಯುತ್ತದೆ, ಅಂಚೂ ಕೆಡುತ್ತದೆ. ಕತ್ತಿಯ ಸ್ವಂತ ತೂಕವೇ ಸಾಕು, ಒತ್ತಬಾರದು. ಹೋಗಿ ಬಂದದ್ದನ್ನು ಒಂದು ಸುತ್ತೆಂದು ಎಣಿಸಿ, ಮೊದಲು ಬಿಗಿಯಾಗಿ ಎಳೆದು ಕಟ್ಟಿದ ಹಳೆಯ ಜೀನ್ಸ್ ಬಟ್ಟೆಯ ಮೇಲೆ 20, ಬಳಿಕ ಪತ್ರಿಕೆಯ ಮೇಲೆ 40 ಸುತ್ತು ಎಳೆದಾಗ ಗದ್ದದ ಎಳೆತ ನಿಂತಿತು. ಕ್ಷೌರದ ನಂತರ ಅಲಗನ್ನು ಪೂರ್ತಿ ಒರೆಸದಿದ್ದರೆ ನಮ್ಮ ನೀರಿನ ಬಿಳಿ ಕಲೆ ಅಂಚಿನಲ್ಲಿ ಕೂರುತ್ತದೆ. ಕಾಗದ ನುಣುಪಾದೊಡನೆ ಬದಲಿಸಬೇಕು.