ಗೋಡೆಯ ಮೇಲೊಂದು ಹಾಳೆ: ದಿನದ ಸಂತರು, ದಿನದ ವಾಚನ

ದಿನದ ಸಂತರು ಯಾರು, ಕಥೋಲಿಕ ಚರ್ಚು ಆ ದಿನಕ್ಕೆ ಗೊತ್ತುಮಾಡಿದ ಬೈಬಲ್ ವಾಚನ ಯಾವುದು ಎಂಬ ಪಟ್ಟಿಯನ್ನು ಮೊಬೈಲಿಗೆ ಕಳಿಸಿದರೆ ಸಾಕು, ಈ ಕಾಲದಲ್ಲಿ ಗೋಡೆಗೆ ಹಾಳೆ ನೇತುಹಾಕಿದರೆ ಯಾರು ನೋಡುತ್ತಾರೆ ಅಂದವರೇ ಮೈಸೂರಿನ ನಮ್ಮ ವಾರ್ಡಿನಲ್ಲಿ ಹೆಚ್ಚು. ನಮ್ಮ ಕಿರು ಕ್ರೈಸ್ತ ಸಮುದಾಯದಲ್ಲಿ, ಅಂದರೆ ಚರ್ಚಿನ ನೆರೆಹೊರೆಯ ಗುಂಪಿನಲ್ಲಿ, 42 ಮನೆಗಳಿವೆ. ಎರಡು ವರ್ಷದಿಂದ ಅದರಲ್ಲಿ ಮೂವತ್ತರ ಆಸುಪಾಸು ಮನೆಗಳಲ್ಲಿ ಸಂಜೆಯ ವಾಚನ ತಪ್ಪಿಲ್ಲ. ಮೊಬೈಲ್ ಗುಂಪಿನಲ್ಲಿ ಕಳಿಸುತ್ತಿದ್ದಾಗ ಕೈಮುಗಿಯುವ ಚಿತ್ರ ಇಪ್ಪತ್ತು ಬರುತ್ತಿತ್ತು, ಬೈಬಲ್ ತೆರೆಯುತ್ತಿದ್ದವರು ನಾಲ್ಕೈದು ಮಂದಿ. ಹಾಗಾಗಿ ಮಾಡಿದ್ದನ್ನು ಬರೆದಿಡುತ್ತಿದ್ದೇನೆ.

ಹಾಳೆ ಎ4, ತಿಂಗಳಿಗೆ ಒಂದೇ. ಮುಂಬದಿಗೆ 16 ದಿನ, ಉಳಿದದ್ದು ಹಿಂಬದಿಗೆ. ತಾರೀಕು, ಸಂತರು ಅಥವಾ ಹಬ್ಬ, ಮೊದಲನೆಯ ವಾಚನ, ಕೀರ್ತನೆ, ಶುಭಸಂದೇಶ (ಯೇಸುವಿನ ಬಾಳಿನ ಪುಸ್ತಕಗಳಾದ ಮತ್ತಾಯ, ಮಾರ್ಕ, ಲೂಕ, ಯೊವಾನ್ನರ ಭಾಗ) ಎಂದು ಐದು ಕಾಲಂ. ಅಕ್ಷರ 11ರ ಅಳತೆಯಲ್ಲಿ ಮಾಡಿದ ಮೊದಲ ಹಾಳೆಯನ್ನು ಅಜ್ಜಿಯರು ಕಣ್ಣಿಗೆ ತಾಗಿಸಿಕೊಂಡು ನೋಡಬೇಕಾಯಿತು. ಈಗ 16. ಸಾಲಿನ ಅಂತರ ಒಂದೂವರೆಗಿಂತ ಕಡಿಮೆ ಇಟ್ಟರೆ 'ಕ್ರಿಸ್ತ', 'ಸ್ತೋತ್ರ'ಗಳ ಒತ್ತಕ್ಷರ ಕೆಳಗಿನ ಗೆರೆಗೆ ತಾಗಿ ಕತ್ತರಿಸಿಹೋಗುತ್ತದೆ. 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತವನ್ನು ಹಾಗೇ ಪೆನ್‌ಡ್ರೈವಿನಲ್ಲಿ ಒಯ್ದರೆ ಅಂಗಡಿಯ ಕಂಪ್ಯೂಟರಿನಲ್ಲಿ ಅಕ್ಷರವೆಲ್ಲ ಚಿತ್ರವಿಚಿತ್ರ. ಪಿಡಿಎಫ್ ಮಾಡಿಯೇ ಕೊಡಿ. ಎರಡೂ ಬದಿ ಹಾಕುವಾಗ 'ಉದ್ದ ಅಂಚಿಗೆ ತಿರುಗಿಸಿ' ಎಂದು ಬಾಯಿಬಿಟ್ಟು ಹೇಳಬೇಕು. ಇಲ್ಲದಿದ್ದರೆ ಹಿಂಬದಿ ತಲೆಕೆಳಗಾಗಿ ಬರುತ್ತದೆ. ಒಂದು ಸಲ ನಲವತ್ತೂ ಪ್ರತಿ ಹಾಗೆ ಬಂದು ಇನ್ನೂರು ರೂಪಾಯಿ ನೀರಿನಲ್ಲಿ ಹೋಮವಾಯಿತು.

ದಪ್ಪ ಕಾಗದ, ಎರಡೂ ಬದಿ ಸೇರಿ ಪ್ರತಿಗೆ ಸುಮಾರು ಐದು ರೂಪಾಯಿ. ತಿಂಗಳಿಗೆ ಇನ್ನೂರರ ಮೇಲೆ ಚೂರು, ವರ್ಷಕ್ಕೆ ಎರಡೂವರೆ ಸಾವಿರ. ಮನೆಗೆ ವರ್ಷಕ್ಕೆ ಅರವತ್ತು ರೂಪಾಯಿ ಕೊಟ್ಟರೆ ಸರಿಹೋಗುತ್ತದೆ. ಮೊದಲು ತರಿಸುತ್ತಿದ್ದ ಕಿರುಪುಸ್ತಿಕೆಗೆ ಇದರ ಎರಡು ಪಟ್ಟು ಖರ್ಚಾಗುತ್ತಿತ್ತು, ಅರ್ಧ ಮನೆಗಳಲ್ಲಿ ಅದು ಅಲ್ತಾರಿನ (ಮನೆಯ ಪೂಜಾಪೀಠದ) ಹಿಂದೆ ಧೂಳು ಹಿಡಿಯುತ್ತಿತ್ತು. ಇಂಕ್‌ಜೆಟ್ ಬೇಡ, ಆಷಾಢದ ತೇವಕ್ಕೆ ಬಣ್ಣ ಇಳಿಯುತ್ತದೆ. ಲ್ಯಾಮಿನೇಷನ್ನೂ ಬೇಡ. ಟ್ಯೂಬ್‌ಲೈಟಿನ ಬೆಳಕಿಗೆ ಹೊಳೆದು ಓದಲಾಗದು, ಓದಿದ ದಿನಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಲೂ ಆಗದು. ಆ ಗುರುತೇ ಮನೆಯವರನ್ನು ಮರುದಿನ ಎಳೆದು ತರುವುದು.

ಇನ್ನು ಪಟ್ಟಿ ಕಟ್ಟುವುದು. ದೊಡ್ಡ ತಪ್ಪು ಆದದ್ದು ಇಲ್ಲೇ. ದೊಡ್ಡ ಹಬ್ಬಗಳ ಕಾಲ ಬಿಟ್ಟು ಉಳಿದ ವಾರಗಳಿಗೆ ಸಾಧಾರಣ ಕಾಲ ಎನ್ನುತ್ತಾರೆ. 2025ರಲ್ಲಿ ವಿಭೂತಿ ಬುಧವಾರಕ್ಕೆ (ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಮೊದಲ ದಿನ) ಮುಂಚೆ ಸಾಧಾರಣ ಕಾಲದ 8ನೆಯ ವಾರ ನಡೆದಿತ್ತು. ಪಂಚಾಶತ್ತಮದ (ಈಸ್ಟರಿನಿಂದ ಐವತ್ತನೆಯ ದಿನದ ಹಬ್ಬ) ನಂತರ 9 ಎಂದು ಮುಂದುವರಿಸಿದೆ. ಜೂನ್ 10ರಂದು ಚರ್ಚಿನಲ್ಲಿ ಮತ್ತಾಯರಿಂದ 'ನೀವು ಭೂಮಿಗೆ ಉಪ್ಪು' ಓದಿದರೆ, ಹಾಳೆಯಲ್ಲಿ ಮಾರ್ಕ 12, ಚಕ್ರವರ್ತಿಗೆ ತೆರಿಗೆ ಕೊಡುವ ಮಾತು! ಬೆಳಗಿನ ಪೂಜೆಗೆ ಹೋಗುವವರು ಮೊದಲು ಹಿಡಿದದ್ದು ಇದನ್ನೇ. ಆ ವರ್ಷ 9ನೆಯ ವಾರ ಬರುವುದೇ ಇಲ್ಲ. ಅಂದಿನಿಂದ ಹಿಂದಿನಿಂದ ಎಣಿಸುತ್ತೇನೆ: ಚರ್ಚಿನ ವರ್ಷದ ಕೊನೆಯ ಭಾನುವಾರವಾದ ಕ್ರಿಸ್ತರಾಜರ ಭಾನುವಾರ 34, ಅಲ್ಲಿಂದ ಒಂದೊಂದೇ ಭಾನುವಾರ ಕೆಳಗಿಳಿಯುತ್ತ ಪಂಚಾಶತ್ತಮದವರೆಗೆ ಬನ್ನಿ. ಪಂಚಾಶತ್ತಮದ ಭಾನುವಾರಕ್ಕೆ ಬಂದ ಸಂಖ್ಯೆಯೇ ಮರುದಿನ ಶುರುವಾಗುವ ವಾರದ ಸಂಖ್ಯೆ. ತಾಳೆ ನೋಡಲು ಇನ್ನೊಂದು ದಾರಿ, ವಾರದ ದಿನಗಳಲ್ಲಿ 1ರಿಂದ 9ನೆಯ ವಾರ ಮಾರ್ಕ, 10ರಿಂದ 21 ಮತ್ತಾಯ, 22ರಿಂದ 34 ಲೂಕ.

ಭಾನುವಾರದ ವಾಚನಗಳು ಮೂರು ವರ್ಷಕ್ಕೊಮ್ಮೆ ಸುತ್ತುತ್ತವೆ. ಆ ಎ, ಬಿ, ಸಿ ವರ್ಷ ಆಗಮನ ಕಾಲದ (ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ವಾರ) ಮೊದಲ ಭಾನುವಾರವೇ ಬದಲಾಗುತ್ತದೆ, ಜನವರಿ 1ಕ್ಕಲ್ಲ. ಮೂರರಿಂದ ಶೇಷವಿಲ್ಲದೆ ಭಾಗವಾಗುವ ವರ್ಷ ಸಿ. 2025 ಸಿ, 2026 ಎ. ವಾರದ ದಿನಗಳಿಗೆ ಬೆಸ ವರ್ಷ ಒಂದನೆಯ ಸರಣಿ, ಸಮ ವರ್ಷ ಎರಡನೆಯದು. ಈ ಭೇದ ಸಾಧಾರಣ ಕಾಲದ ಮೊದಲನೆಯ ವಾಚನಕ್ಕೆ, ಅದರ ಜೊತೆಯ ಕೀರ್ತನೆಗೆ ಮಾತ್ರ, ಶುಭಸಂದೇಶ ಪ್ರತಿ ವರ್ಷ ಅದೇ. ಕೀರ್ತನೆಯ ಸಂಖ್ಯೆ ಬರೆಯುವಾಗಲೂ ಎಚ್ಚರ. ಹಳೆಯ ಲತೀನ್ ಎಣಿಕೆಯ ಪುಸ್ತಕ ನೋಡಿ ಬರೆದರೆ 23ನೆಯ ಕೀರ್ತನೆ 22 ಆಗುತ್ತದೆ. ಸಿರಾಖ, ತೋಬಿತ, ಮಕ್ಕಬಿಯರ ವಾಚನ ಬಂದ ವಾರ ಕೆಲವು ಮನೆಗಳಿಂದ 'ನಮ್ಮ ಬೈಬಲಿನಲ್ಲಿ ಇಲ್ಲ' ಎಂದು ಫೋನ್ ಬರುತ್ತದೆ. ಅವರ ಬಳಿ ಇರುವುದು ಪ್ರೊಟೆಸ್ಟೆಂಟರ ಪ್ರತಿ. ಅಂಥ ಮನೆಗೆ ಆ ವಾರ ಶುಭಸಂದೇಶ ಮಾತ್ರ ಓದಿ ಅನ್ನುತ್ತೇನೆ.

ವಿದೇಶದ ಪಟ್ಟಿ ನಕಲು ಮಾಡಿದವರು ಕೈಸುಟ್ಟುಕೊಳ್ಳುತ್ತಾರೆ. ಭಾರತದಲ್ಲಿ ಮೂರು ರಾಯರ ಹಬ್ಬವನ್ನೂ ಯೇಸುವಿನ ಸ್ವರ್ಗಾರೋಹಣವನ್ನೂ ಭಾನುವಾರಕ್ಕೆ ತಂದಿದ್ದಾರೆ. ಜುಲೈ 3ರ ಸಂತ ತೋಮಸರು, ಡಿಸೆಂಬರ್ 3ರ ಫ್ರಾನ್ಸಿಸ್ ಕ್ಸೇವಿಯರ್ ನಮಗೆ ಮಹೋತ್ಸವ, ಅಂದರೆ ಎಲ್ಲಕ್ಕಿಂತ ಮೇಲಿನ ದರ್ಜೆಯ ಹಬ್ಬ. ಜುಲೈ 28ರ ಕೇರಳದ ಸಂತೆ ಆಲ್ಫೋನ್ಸಮ್ಮ ಅಲ್ಲಿಯ ಪಟ್ಟಿಯಲ್ಲಿ ಸಿಗುವುದೇ ಇಲ್ಲ. ಮಾರ್ಚ್ ತಿಂಗಳನ್ನಂತೂ ಎರಡು ಸಲ ನೋಡಿ: 2023ರಲ್ಲಿ ಸಂತ ಜೋಸೆಫರ ಹಬ್ಬ ತಪಸ್ಸು ಕಾಲದ ಭಾನುವಾರ ಬಿದ್ದು 20ಕ್ಕೆ ಹೋಯಿತು, 2024ರಲ್ಲಿ ಮಾರ್ಚ್ 25ರ ಹಬ್ಬ (ದೇವದೂತ ಮರಿಯಮ್ಮನವರಿಗೆ ಸಂದೇಶ ತಂದ ದಿನ) ಈಸ್ಟರಿಗೆ ಮುಂಚಿನ ಪವಿತ್ರ ವಾರದಲ್ಲಿ ಬಂದು ಏಪ್ರಿಲ್ 8ಕ್ಕೆ ಹೋಯಿತು.

ಚಿತ್ರ ಅಂಟಿಸುವ ಆಸೆಗೆ ಬಿದ್ದು ಜನವರಿ 17ಕ್ಕೆ ಬಾಲಯೇಸುವನ್ನು ಎತ್ತಿಕೊಂಡ ಅಂತೋನಿಯವರನ್ನು ಹಾಕಿದ್ದೂ ಆಗಿದೆ. ಅಂದಿನವರು ಮರುಭೂಮಿಯ ಮಠಾಧಿಪತಿ ಅಂತೋನಿ, ಕಾಲ ಬಳಿ ಹಂದಿ, ಕೈಯಲ್ಲಿ ಗಂಟೆ. ಬಾಲಯೇಸುವನ್ನು ಎತ್ತಿಕೊಂಡ, ದೋರನಹಳ್ಳಿಯ ನಮ್ಮ ಅಂತೋನಿಯವರದು ಜೂನ್ 13. ತೆರೇಸಾ ಮೂವರು: ಸೆಪ್ಟೆಂಬರ್ 5 ಕೋಲ್ಕತ್ತದವರು, ಅಕ್ಟೋಬರ್ 1 ಲಿಸ್ಯೂದವರು, ಅಕ್ಟೋಬರ್ 15 ಆವಿಲಾದವರು. ಊರಿನ ಹೆಸರು ಸೇರಿಸದೆ ಬರೆಯಬೇಡಿ.

ಮೈಸೂರಿಗೆ ವಿಶೇಷವಾದ ತೊಡಕು ಆಗಸ್ಟ್ 11, ಸಂತ ಫಿಲೋಮಿನಾ ಅವರ ಹಬ್ಬದ ದಿನ. 1961ರಲ್ಲಿ ಅವರ ಹೆಸರನ್ನು ರೋಮಿನವರು ಪಂಚಾಂಗದಿಂದ ಕೈಬಿಟ್ಟರು. ಪಟ್ಟಿಯಲ್ಲಿ ಅಂದು ಸಂತ ಕ್ಲಾರಾ. ಅಶೋಕ ರಸ್ತೆಯ ಫಿಲೋಮಿನಾ ಚರ್ಚಿನ ಜೋಡಿ ಗೋಪುರ ನೋಡುತ್ತ ಬೆಳೆದವರಿಗೆ ಬರೀ ಕ್ಲಾರಾ ಎಂದು ಕೊಟ್ಟರೆ ಒಪ್ಪುತ್ತಾರೆಯೇ? ವಾಚನ ಆ ದಿನದ್ದನ್ನೇ ಇಟ್ಟು, ಆಗಸ್ಟ್ 2ರಿಂದ 10ರವರೆಗೆ ಒಂಬತ್ತು ದಿನ ಫಿಲೋಮಿನಮ್ಮನವರ ನೊವೆನಾ ಪ್ರಾರ್ಥನೆ ಸೇರಿಸಿದೆ. ಯಾರೂ ಗೊಣಗಲಿಲ್ಲ.

ಮನೆಯಲ್ಲಿ ನಡೆಸುವ ಕ್ರಮಕ್ಕೆ ಹನ್ನೆರಡು ನಿಮಿಷ ಮೀರಬಾರದು. ಸಂತರ ಬಗ್ಗೆ ಮೂರು ವಾಕ್ಯ, ಮೊದಲನೆಯ ವಾಚನ, ಕೀರ್ತನೆಯ ಶ್ಲೋಕ, ಶುಭಸಂದೇಶ, ಒಂದು ನಿಮಿಷ ಮೌನ. ಜಪಸರ (ಮಣಿ ಎಣಿಸುತ್ತ ಮಾಡುವ ಮರಿಯಮ್ಮನವರ ಪ್ರಾರ್ಥನೆ) ಆಮೇಲೆ, ಆ ಲೆಕ್ಕ ಬೇರೆ. ಜಪಸರ ಮುಗಿಸಿ ವಾಚನ ಇಟ್ಟ ಮನೆಗಳಲ್ಲಿ ಮಕ್ಕಳು ತಟ್ಟೆ ಹಿಡಿದು ಕೂತಿರುತ್ತಿದ್ದರು, ವಾಚನ ಮೊದಲಿಗೆ ತಂದ ಮೇಲೆಯೇ ಅದು ನಿಂತದ್ದು. ತಪ್ಪಿದ ದಿನವನ್ನು ಹಿಂದೆ ಹೋಗಿ ಓದುವುದು ಬೇಡ. ದಸರೆಗೆ ನೆಂಟರು ಬಂದು ಐದು ದಿನ ಬಿಟ್ಟುಹೋದರೆ ಆರನೆಯ ದಿನ ಆ ದಿನದ್ದನ್ನೇ ತೆರೆಯಿರಿ. ಬಾಕಿ ತೀರಿಸಲು ಕೂತ ಮನೆಗಳು ಹತ್ತು ದಿನದಲ್ಲಿ ಪೂರಾ ಬಿಟ್ಟವು.

ಶುಭಸಂದೇಶದ ಒಂದು ವಾಕ್ಯವನ್ನು ದಿನಾ ನೋಟ್‌ಪುಸ್ತಕದಲ್ಲಿ ಬರೆಯಿಸುವ ಪ್ರಯೋಗವೂ ಆಯಿತು. ಹೆಂಗಸರು ಹಿಡಿದರು, ಗಂಡಸರು ಒಂದು ವಾರಕ್ಕೆ ಬಿಟ್ಟರು. ಓದು ಬಾರದ ಹಿರಿಯರಿಗೆ ಮೊಮ್ಮಕ್ಕಳ ದನಿಯಲ್ಲಿ ರೆಕಾರ್ಡ್ ಮಾಡಿಸಿದ್ದು ಇವತ್ತಿಗೂ ನಡೆದಿದೆ. ಸಂತರ ಮೂರು ವಾಕ್ಯ ಬರೆಯುವುದಕ್ಕೆ ನನ್ನದೇ ಒಂದು ಅಚ್ಚು ಇದೆ, ಮಕ್ಕಳು ಮರುದಿನ ತಾವೇ ಹೇಳುವಂತೆ ಕೂರುತ್ತದೆ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಎದುರು ಕೂತು ಕಲಿಯಬೇಕಾದದ್ದು.

ಮಂಡ್ಯ ಕಡೆಯವರು ಹಾಳೆ ಕೇಳುತ್ತಾರೆ. ಮೊದಲು ನಿಮ್ಮ ಚರ್ಚು ನಮ್ಮಂತೆ ಲತೀನ್ (ರೋಮಿನ) ಪದ್ಧತಿಯದೋ ಕೇರಳ ಮೂಲದ ಸಿರೊ ಮಲಬಾರ್ ಪದ್ಧತಿಯದೋ ನೋಡಿ. ಸಿರೊ ಮಲಬಾರಿನವರ ಕಾಲವಿಭಾಗ, ವಾಚನ ಎಲ್ಲ ಬೇರೆ, ತಪಸ್ಸು ಕಾಲ ಶುರುವಾಗುವುದೇ ವಿಭೂತಿ ಸೋಮವಾರ. ನಮ್ಮ ಹಾಳೆ ಅಲ್ಲಿ ಹೊಂದದು. ಲತೀನ್ ಪದ್ಧತಿಯವರು ಆಗಮನ ಕಾಲದ ಹಾಳೆಯನ್ನು ನವೆಂಬರ್ ಎರಡನೆಯ ವಾರದೊಳಗೆ ಅಂಗಡಿಗೆ ಕೊಟ್ಟುಬಿಡಿ. ಆಮೇಲೆ ಹೊಸ ವರ್ಷದ ಕ್ಯಾಲೆಂಡರು, ಡೈರಿ ಕೆಲಸ ತುಂಬಿ ನಿಮ್ಮ ನಲವತ್ತು ಪ್ರತಿ ಮೂಲೆ ಸೇರುತ್ತದೆ.