ಮಾಡು ಸೋರುವುದು ಒಂದು ಕಡೆ, ಹನಿ ಬೀಳುವುದು ಇನ್ನೊಂದು ಕಡೆ

2021ರ ಜುಲೈನಲ್ಲಿ ನಮ್ಮ ಮಲಗುವ ಕೋಣೆಯಲ್ಲಿ, ಮಂಚದ ಕಾಲಿನ ಹತ್ತಿರ ಹನಿ ಬೀಳಲು ಶುರುವಾಯಿತು. ನೆಟ್ಟಗೆ ಮೇಲಿದ್ದ ಹಂಚನ್ನು ಬದಲಿಸಿದೆವು. ಮರುದಿನ ಮತ್ತೆ ಅಲ್ಲೇ ಹನಿ. ಪಕ್ಕದ ಹಂಚನ್ನೂ ಬದಲಿಸಿದೆವು. ಹನಿ ನಿಲ್ಲಲಿಲ್ಲ. ಕೊನೆಗೆ ಮಂಚವನ್ನೇ ಸರಿಸಿ, ಹನಿ ಬೀಳುವಲ್ಲಿ ಪಾತ್ರೆ ಇಟ್ಟು, ಸದ್ದಾಗದಂತೆ ಅದರೊಳಗೆ ಒಂದು ಬಟ್ಟೆ ಹಾಕಿ ಮಲಗುತ್ತಿದ್ದೆವು.

ನಮ್ಮ ಮನೆ ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆಗೆ ಇದೆ. ಚಿರೆಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ ಗೋಡೆ, ಹಂಚಿನ ಮಾಡು, ಅಂದರೆ ಛಾವಣಿ. ಮಾವನವರ ಅಪ್ಪ ಕಟ್ಟಿಸಿದ್ದು. ಇಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರಲ್ಲಿ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಜೊತೆಗೆ ಪಡುವಣ ಗಾಳಿ. ಇಂಥ ಮಳೆಯಲ್ಲಿ ಹಂಚಿನ ಮನೆ ಉಳಿಯಬೇಕಾದರೆ ಪ್ರತಿ ಬೇಸಿಗೆಯಲ್ಲಿ ಹಂಚು ಕೈಯಾಡಿಸಲೇಬೇಕು, ಅಂದರೆ ಹಂಚು ತೆಗೆದು, ಕಸ ಗುಡಿಸಿ, ಕೆಟ್ಟದ್ದನ್ನು ಬದಲಿಸಿ ಮತ್ತೆ ಜೋಡಿಸಬೇಕು. ಆದರೆ ಆ ಕೆಲಸ ಬಲ್ಲವರು ಊರಲ್ಲಿ ಈಗ ನಾಲ್ಕೈದು ಜನ ಇರಬಹುದು, ಅಷ್ಟೇ. ಮೇ ತಿಂಗಳಲ್ಲಿ ಎಲ್ಲರಿಗೂ ಅವರೇ ಬೇಕು. ನಮ್ಮನೆಯವರು ಗೋವಾದಲ್ಲಿ ಕೆಲಸದಲ್ಲಿದ್ದಾರೆ, ತಿಂಗಳಿಗೆ ಎರಡು ಸಲ ಬರುತ್ತಾರೆ. ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುವವಳು. ಬೇಸಿಗೆ ರಜೆ ಇತ್ತು. ಕಲಿತೇ ಬಿಡೋಣ ಅಂತ ಹೊರಟೆ.

ಕಲಿಸಿದವರು ಮಾವ. ಅವರಿಗೆ 78 ವರ್ಷ, ಏಣಿ ಹತ್ತುವ ಹಾಗಿಲ್ಲ. ಅವರು ಹೇಳಿದ ಮೊದಲ ಮಾತು, "ಹನಿ ಬಿದ್ದಲ್ಲಿ ನೋಡಬೇಡ ಮಗಾ, ಪಕಾಸು ಹಿಡಿದು ಮೇಲೆ ಹೋಗು." ಪಕಾಸು ಅಂದರೆ ಮಾಡಿನ ನೆತ್ತಿಯಿಂದ ಕೆಳಗೆ ಇಳಿಜಾರಾಗಿ ಬರುವ ಮರದ ತೊಲೆ.

ಜೋರು ಮಳೆ ಇದ್ದ ಒಂದು ರಾತ್ರಿ ಸ್ಟೂಲ್ ಮೇಲೆ ನಿಂತು ಬ್ಯಾಟರಿ ಬೆಳಕು ಬಿಟ್ಟು ನೋಡಿದೆ. ನೀರು ಪಕಾಸಿನ ಅಡಿಭಾಗಕ್ಕೆ ಅಂಟಿಕೊಂಡು ಮೇಲಿನಿಂದ ಹರಿದು ಬರುತ್ತಿತ್ತು. ದಾರಿಯಲ್ಲಿ ಒಂದು ತುಕ್ಕು ಮೊಳೆಯ ತುದಿ ಹೊರಗೆ ಬಂದಿತ್ತು. ಅಲ್ಲಿಗೆ ಬಂದು ತೊಟ್ಟಿಕ್ಕುತ್ತಿತ್ತು. ನೀರು ಒಳಗೆ ಬರುತ್ತಿದ್ದ ಜಾಗ ಅಲ್ಲಿಂದ ಐದು ಅಡಿ ಮೇಲೆ, ಮಾಡಿನ ನೆತ್ತಿಗೆ ಹತ್ತಿರ ಇತ್ತು! ನಾವು ಬದಲಿಸಿದ್ದ ಎರಡೂ ಹಂಚುಗಳು ಸರಿಯಾಗೇ ಇದ್ದವು.

ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಮಳೆ ಇರುವಾಗಲೇ ನೀರು ಒಳಬರುವ ಜಾಗ ಹುಡುಕಿ, ಅಲ್ಲಿನ ರೀಪಿಗೆ, ಅಂದರೆ ಹಂಚು ಕೂರುವ ಮರದ ಅಡ್ಡಪಟ್ಟಿಗೆ, ಕೆಂಪು ದಾರ ಕಟ್ಟುತ್ತೇನೆ. ಒದ್ದೆ ಮರದ ಮೇಲೆ ಸೀಮೆಸುಣ್ಣ ನಿಲ್ಲುವುದಿಲ್ಲ. ಬೇಸಿಗೆ ಬರುವಷ್ಟರಲ್ಲಿ ಯಾವ ಜಾಗ ಅಂತ ಮರೆತೂ ಹೋಗಿರುತ್ತದೆ. ದಾರ ಇದ್ದರೆ ಆ ಚಿಂತೆ ಇಲ್ಲ. ಮಳೆಗಾಲ ಮುಗಿಯುವವರೆಗಿನ ತಾತ್ಕಾಲಿಕ ಉಪಾಯವೂ ಇದೆ. ಒಳಗಿನಿಂದ ಹಂಚನ್ನು ಕೋಲಿನಿಂದ ಮೆಲ್ಲಗೆ ಎತ್ತಿ, ಅಡಿಗೆ ಅಡಿಕೆ ಹಾಳೆಯ ತುಂಡು ತೂರಿಸಬೇಕು. ಹಾಳೆ ಕೆಳಗಿನ ಸಾಲಿನ ಹಂಚಿನ ಮೇಲೆ ಚಾಚಿಕೊಂಡಿರಬೇಕು. ಹಾಗಾದರೆ ಮಾತ್ರ ನೀರು ಹೊರಗೆ ಹೋಗುತ್ತದೆ. ಮೊದಲ ವರ್ಷ ನಾನು ಬಿರುಕಿಗೆ ಟಾರು ಮೆತ್ತಿದ್ದೆ. ಬಿಸಿಲಿಗೆ ಅದು ಕರಗಿ, ಆಮೇಲೆ ಸೀಳಿ, ಎದ್ದು ಬಂತು. ಹಾಳೆಯೇ ವಾಸಿ.

2022ರ ಏಪ್ರಿಲ್ ಕೊನೆಗೆ ಮಾಡು ಹತ್ತಿದೆ. ಒಬ್ಬಳೇ ಅಲ್ಲ. ಪಕ್ಕದ ಮನೆಯ ಹುಡುಗ, ನನ್ನ ಹಳೇ ವಿದ್ಯಾರ್ಥಿ, ಜೊತೆಗಿದ್ದ. ಸೊಂಟಕ್ಕೆ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಯನ್ನು ಆಚೆ ಬದಿಯ ತೊಲೆಗೆ ಬಿಗಿದಿದ್ದೆವು. ಬೆಳಿಗ್ಗೆ 6ಕ್ಕೆ ಶುರು, 9ಕ್ಕೆ ಇಳಿಯುವುದು. ಆಮೇಲೆ ಹಂಚು ಕಾಯುತ್ತದೆ, ಬರಿಗಾಲು ಇಡಲು ಆಗುವುದಿಲ್ಲ. ಚಪ್ಪಲಿ ಹಾಕಿದರೆ ಜಾರುತ್ತದೆ. ಹಂಚಿನ ನಡುಮಧ್ಯೆ ಕಾಲಿಟ್ಟರೆ ಒಡೆಯುತ್ತದೆ. ಮೇಲಿನ ಹಂಚಿನ ಕೆಳತುದಿ ಕೆಳಗಿನದರ ಮೇಲೆ ಕೂತಿರುತ್ತದಲ್ಲ, ಅಲ್ಲಿ ಅಡಿಗೆ ರೀಪು ಇರುತ್ತದೆ. ಕಾಲು ಅಲ್ಲೇ ಬೀಳಬೇಕು. ಜಾಸ್ತಿ ಹೊತ್ತು ಕೂತು ಕೆಲಸ ಮಾಡುವಲ್ಲಿ ಹಲಗೆ ಹಾಕಿಕೊಂಡು ಭಾರ ಹಂಚಬೇಕು. ಇನ್ನೊಂದು ಮಾತು. ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರಿನಲ್ಲಿ, ಮೇನ್ ಸ್ವಿಚ್ ಆಫ್ ಮಾಡಿದರೂ ಕರೆಂಟ್ ಇರುತ್ತದೆ. ನಾವು ಅದರ ಹತ್ತಿರದ ಸಾಲು ಮುಟ್ಟಲೇ ಇಲ್ಲ. ಅಲ್ಯೂಮಿನಿಯಂ ಏಣಿಯನ್ನೂ ಬಳಸಲಿಲ್ಲ, ಬಿದಿರಿನದೇ ಸಾಕಾಯಿತು.

ಕೆಂಪು ದಾರ ಕಟ್ಟಿದ್ದ ಜಾಗದಲ್ಲಿ ಹಂಚು ತೆಗೆದು ನೋಡಿದರೆ ಹಂಚು ಒಡೆದಿರಲೇ ಇಲ್ಲ. ಒಂದು ಹಂಚು ಇನ್ನೊಂದಕ್ಕೆ ಕೂಡುವಲ್ಲಿ ಉದ್ದಕ್ಕೆ ಗಾಡಿ, ಅಂದರೆ ಸಣ್ಣ ಕಾಲುವೆಯಂಥ ತೋಡು ಇರುತ್ತದೆ. ಗಾಳಿ ಮಳೆಯಲ್ಲಿ ಬದಿಯಿಂದ ನುಗ್ಗಿದ ನೀರು ಆ ಗಾಡಿಯಲ್ಲೇ ಇಳಿದು ಹೋಗಬೇಕು. ನಮ್ಮ ಮನೆಯ ಹಿಂದೆ ಮಾವಿನ ಮರ ಇದೆ. ಅದರ ಎಲೆ, ಹೂವಿನ ಪುಡಿ, ಪಾಚಿ ಎಲ್ಲ ಸೇರಿ ಗಾಡಿ ತುಂಬಿ ಮಣ್ಣಾಗಿತ್ತು. ನೀರು ಮುಂದೆ ಹೋಗಲು ದಾರಿಯಿಲ್ಲದೆ ಒಳಗೆ ಇಳಿಯುತ್ತಿತ್ತು. ತೆಂಗಿನ ನಾರು, ಗಟ್ಟಿ ಕಡ್ಡಿ, ಹಳೇ ಹಲ್ಲುಜ್ಜುವ ಬ್ರಷ್ ಇಷ್ಟರಲ್ಲೇ ಆ ಕೆಲಸ ಮುಗಿಯಿತು. ನನ್ನ ಲೆಕ್ಕದಲ್ಲಿ ನಮ್ಮ ಮನೆಯ ಸೋರಿಕೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಕಸದಿಂದಲೇ.

ಉಳಿದದ್ದು ಬಿರುಕು. ಕಣ್ಣಿಗೆ ಕಾಣದ ಬಿರುಕನ್ನು ಕಿವಿಯಿಂದ ಹಿಡಿಯಬಹುದು. ಹಂಚನ್ನು ಒಂದು ಕೈಯಲ್ಲಿ ತೂಗಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಬೇಕು. ಒಳ್ಳೆಯದಾದರೆ ಠಣ್ ಅನ್ನುತ್ತದೆ. ಬಿರುಕು ಬಿಟ್ಟಿದ್ದರೆ ಸತ್ತ ಸದ್ದು. ಮಾವ ಜಗಲಿಯಲ್ಲಿ ಕೂತು ಸದ್ದು ಕೇಳಿಯೇ "ಅದನ್ನು ಬಿಡು" ಅನ್ನುತ್ತಿದ್ದರು. ಪಡುವಣ ಬದಿಯ ಸುಮಾರು 900 ಹಂಚಿನಲ್ಲಿ 43 ಹೋದವು.

ಬದಲಿ ಹಂಚು ತರುವಾಗ ಎಡವಿದೆ. ಅಂಗಡಿಯಿಂದ ಹೊಸದು ತಂದೆ. ಹಳೆಯದರ ಪಕ್ಕದಲ್ಲಿ ಅದು ಕೂರಲೇ ಇಲ್ಲ, ಒಂದು ಮೂಲೆ ಎದ್ದೇ ಇರುತ್ತಿತ್ತು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು 1865ರಲ್ಲಿ ಮೊದಲ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಕರಾವಳಿಯ ಉದ್ದಕ್ಕೂ ಎಷ್ಟೋ ಕಾರ್ಖಾನೆ ಬಂದವು. ನೋಡಲು ಎಲ್ಲ ಒಂದೇ ಥರ, ಆದರೆ ಒಬ್ಬೊಬ್ಬರ ಅಚ್ಚು ಒಂದೊಂದು. ಗಾಡಿಯಲ್ಲಿ ಒಂದು ನೂಲಿನಷ್ಟು ಹೆಚ್ಚುಕಡಿಮೆ ಆದರೂ ಹಂಚು ಹಂಚಿಗೆ ಕಚ್ಚುವುದಿಲ್ಲ. ಹಂಚಿನ ಬೆನ್ನಿನ ಮೇಲಿನ ಮುದ್ರೆ ನೋಡಿಕೊಂಡು, ಹತ್ತಿರದಲ್ಲಿ ಕೆಡವುತ್ತಿದ್ದ ಒಂದು ಹಳೇ ಮನೆಯಿಂದ ಅದೇ ಕಾರ್ಖಾನೆಯ 60 ಹಂಚು ತಂದೆವು. ಹೊಸದನ್ನು ವಾಪಸ್ ಕೊಡಲಿಲ್ಲ. ಕೊಟ್ಟಿಗೆಯ ಮಾಡಿನ ಒಂದು ಬದಿಗೆ ಪೂರ್ತಿ ಅದನ್ನೇ ಹಾಕಿದೆವು. ಬೇರೆ ಬೇರೆ ಅಚ್ಚಿನದನ್ನು ಒಂದೇ ಸಾಲಿನಲ್ಲಿ ಬೆರೆಸಬೇಡಿ.

ಹಂಚು ತೆಗೆದಾಗ ಎರಡು ಕಡೆ ರೀಪು ಹುಳ ತಿಂದಿತ್ತು. ಅಷ್ಟು ತುಂಡು ಬದಲಿಸಿ, ಹಳೇ ರೀಪಿನ ಅಂತರವನ್ನೇ ಅಳೆದು, ಕಲಾಯಿ ಮಾಡಿದ ಮೊಳೆ ಹೊಡೆದೆವು. ಉಪ್ಪು ಗಾಳಿಗೆ ಬರೀ ಕಬ್ಬಿಣದ ಮೊಳೆ ಬಾಳುವುದಿಲ್ಲ. ಹೊಸ ಮರಕ್ಕೆ ಗೇರೆಣ್ಣೆ ಬಳಿದೆವು. ಗೇರುಬೀಜದ ಸಿಪ್ಪೆಯ ಈ ಎಣ್ಣೆ ಚರ್ಮಕ್ಕೆ ತಾಗಿದರೆ ಸುಟ್ಟು ಬೊಬ್ಬೆ ಬರುತ್ತದೆ. ರಬ್ಬರ್ ಗ್ಲೌಸ್ ಹಾಕಿಕೊಳ್ಳದೆ ಮುಟ್ಟಬಾರದು.

ಕೊನೆಗೆ ನೀರು ಹೊಯ್ದು ಪರೀಕ್ಷೆ. ಇದನ್ನು ಕೆಳಗಿನ ಸಾಲಿನಿಂದಲೇ ಶುರು ಮಾಡಬೇಕು. ಹುಡುಗ ಮೇಲಿನಿಂದ ಕೊಡದಲ್ಲಿ ನೀರು ಬಿಡುತ್ತಿದ್ದ, ನಾನು ಒಳಗೆ ನೋಡುತ್ತಿದ್ದೆ. ಒಂದು ಸಾಲಿಗೆ ಹತ್ತು ನಿಮಿಷ. ಒಳಗೆ ಒಣಗಿದ್ದರೆ ಮಾತ್ರ ಮುಂದಿನ ಸಾಲು. ನೆತ್ತಿಯಿಂದಲೇ ಹೊಯ್ದರೆ ಎಲ್ಲ ಸಾಲೂ ಒಟ್ಟಿಗೆ ಒದ್ದೆಯಾಗಿ, ಎಲ್ಲಿಂದ ಬಂತು ಅಂತ ತಿಳಿಯುವುದೇ ಇಲ್ಲ. ಹೀಗೆ ಮಾಡುವಾಗಲೇ ನೆತ್ತಿಯನ್ನು ಮುಚ್ಚುವ ಮೂಲೆ ಹಂಚಿನ ಗಾರೆ ಬಿರಿದಿದ್ದು ಸಿಕ್ಕಿತು. ಬರೀ ಸಿಮೆಂಟಿನ ಗಾರೆ ಬಿಸಿಲಿಗೆ ಬಿರಿಯುತ್ತದೆ. ಅದನ್ನು ಕಿತ್ತು, ಒಂದು ಪಾಲು ಸಿಮೆಂಟು, ಎರಡು ಪಾಲು ಸುಣ್ಣ, ಒಂಬತ್ತು ಪಾಲು ಮರಳು ಕಲಸಿ ಹಾಕಿದೆವು.

ಆ ಮಳೆಗಾಲ ಮಂಚದ ಹತ್ತಿರ ಒಂದು ಹನಿ ಬೀಳಲಿಲ್ಲ. ಆದರೆ ಅದೇ ಕೋಣೆಯ ಪಡುವಣ ಗೋಡೆ ಎಂದಿನಂತೆ ಒದ್ದೆ. ಮೊದಲೆಲ್ಲ ನೆಲದಿಂದ ಎರಡು ಅಡಿ ಎತ್ತರದವರೆಗೆ ಕಪ್ಪು ಕಲೆ, ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದು, ಅದರ ಅಡಿಗೆ ಬಿಳೀ ಉಪ್ಪು. ಹಿಂದೆ ಯಾರೋ ಈ ಗೋಡೆಗೆ ಸಿಮೆಂಟ್ ಗಿಲಾಯಿ (ಪ್ಲಾಸ್ಟರ್) ಮಾಡಿಸಿದ್ದರು. ನಾನು ಅದರ ಮೇಲೆ ನೀರು ತಡೆಯುವ ಬಣ್ಣ ಬಳಿಸಿದ್ದೆ. ಮರುವರ್ಷ ಬಣ್ಣ ಬಳಿದಷ್ಟು ಜಾಗ ಒಣಗಿತ್ತು, ಕಲೆ ಅದರ ಮೇಲೆ ನಾಲ್ಕು ಅಡಿಗೆ ಏರಿತ್ತು. ಚಿರೆಕಲ್ಲು ನೆಲದ ನೀರನ್ನು ಹೀರುತ್ತದೆ. ಆ ನೀರು ಎಲ್ಲಾದರೂ ಆರಿ ಹೋಗಲೇಬೇಕು. ಕೆಳಗೆ ನಾನೇ ಮುಚ್ಚಿಟ್ಟಿದ್ದೆ, ಅದಕ್ಕೇ ಮೇಲೆ ಹತ್ತಿತು.

ಇಲ್ಲೂ ಮಾವನ ಮಾತೇ ಸರಿ ಹೊಂದಿತು. ಕಲೆ ಕಂಡದ್ದು ಕೋಣೆಯ ಒಳಗೆ. ಕಾರಣ ಹೊರಗಿತ್ತು. ವರ್ಷ ವರ್ಷ ಅಂಗಳಕ್ಕೆ ಮಣ್ಣು ಹಾಕಿ ಹಾಕಿ, ಆ ಬದಿಯಲ್ಲಿ ಮಣ್ಣು ಪಂಚಾಂಗಕ್ಕಿಂತ, ಅಂದರೆ ಗೋಡೆ ನಿಂತ ಬುಡದ ಕಟ್ಟೆಗಿಂತ, ಮೇಲೆ ಬಂದಿತ್ತು. ಮಾಡಿನ ನೀರೂ ಅಲ್ಲೇ ಬಿದ್ದು ಗೋಡೆಗೆ ಸಿಡಿಯುತ್ತಿತ್ತು. 2023ರ ಫೆಬ್ರವರಿಯಲ್ಲಿ ಒಂದೂವರೆ ಅಡಿ ಮಣ್ಣು ತೆಗೆಸಿ, ಜಲ್ಲಿ ತುಂಬಿಸಿ, ನೀರು ತೋಟದ ಕಡೆ ಹೋಗುವ ಹಾಗೆ ಇಳಿಜಾರು ಮಾಡಿಸಿದೆ. ಒಳಗಿನ ಸಿಮೆಂಟ್ ಗಿಲಾಯಿಯನ್ನು ಕಲೆ ಮುಗಿದ ಮೇಲೂ ಒಂದು ಅಡಿ ಎತ್ತರದವರೆಗೆ ಉಳಿಯಿಂದ ತೆಗೆದೆ. ಕಲ್ಲಿನ ಮೇಲಿನ ಉಪ್ಪನ್ನು ಒಣ ಬ್ರಷ್‌ನಿಂದ ತಿಕ್ಕಿ ಗುಡಿಸಿದೆ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಎರಡು ತಿಂಗಳು ಗೋಡೆಯನ್ನು ಸುಮ್ನೆ ಹಾಗೇ ಬಿಟ್ಟೆ. ನೋಡಲು ಚೆನ್ನಾಗಿರಲಿಲ್ಲ, ಅತ್ತೆಗೆ ಬೇಜಾರೂ ಆಯಿತು. ಆದರೆ ಆ ಕಾಯುವಿಕೆ ಇಲ್ಲದೆ ಮುಂದಿನದೆಲ್ಲ ದಂಡ.

ಆಮೇಲೆ ಸುಣ್ಣದ ಗಿಲಾಯಿ. ನಮ್ಮ ಹೊಳೆಯ ಚಿಪ್ಪು ಸುಟ್ಟು ಮಾಡಿದ ಸುಣ್ಣ ಸಿಗುತ್ತದೆ. ಅದನ್ನು ದೊಡ್ಡ ಪಾತ್ರೆಯ ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಿ ಅರಳಿಸಿದೆ. ನೀರು ಕುದಿದು ಸಿಡಿಯುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕನ್ನಡಕ ಹಾಕಿಕೊಂಡಿದ್ದೆ, ಮಕ್ಕಳನ್ನು ಹತ್ತಿರ ಬಿಡಲಿಲ್ಲ. ಒಂದು ತಿಂಗಳು ನೀರಿನ ಅಡಿಯಲ್ಲೇ ಇಟ್ಟೆ, ಬೆಣ್ಣೆಯ ಹಾಗಾಯಿತು. ಒಂದಕ್ಕೆ ಮೂರು ಮರಳು. ಸಮುದ್ರದ ಮರಳಲ್ಲ, ಅದರಲ್ಲಿ ಉಪ್ಪಿರುತ್ತದೆ. ಕಲ್ಲಿಗೆ ಮೊದಲು ನೀರು ಚಿಮುಕಿಸಿ, ಅರ್ಧ ಇಂಚಿಗಿಂತ ತೆಳ್ಳಗೆ ಒಂದು ಪದರ, ಹತ್ತು ದಿನ ಬಿಟ್ಟು ಇನ್ನೊಂದು.

ಸುಣ್ಣ ಒಣಗಿ ಗಟ್ಟಿಯಾಗುವುದಲ್ಲ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಕಲ್ಲಾಗುವುದು. ಅದಕ್ಕೆ ತೇವ ಬೇಕು. ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿದೆ, ದಿನಕ್ಕೆ ಎರಡು ಸಲ ನೀರು ಚಿಮುಕಿಸಿದೆ. ಒಂದು ಮೂಲೆಯಲ್ಲಿ ಅವಸರ ಮಾಡಿ ಪದರ ದಪ್ಪ ಹಾಕಿದ್ದೆ, ಅದು ಬಿರಿಯಿತು. ಅಷ್ಟು ಜಾಗ ತೆಗೆದು ಮತ್ತೆ ಮಾಡಿದೆ. ಮೇಲೆ ಬಣ್ಣ ಬಳಿಯಲಿಲ್ಲ, ಸುಣ್ಣವನ್ನೇ ಮೂರು ಸಲ ತೆಳ್ಳಗೆ ಹೊಡೆದೆ.

ಗೋಡೆ ಮಳೆಗಾಲದಲ್ಲಿ ಈಗಲೂ ಸ್ವಲ್ಪ ತಣ್ಣಗಾಗುತ್ತದೆ, ಬಣ್ಣ ತುಸು ಕಪ್ಪಾಗುತ್ತದೆ. ದೀಪಾವಳಿ ಹೊತ್ತಿಗೆ ತಾನೇ ಒಣಗಿ ಬೆಳ್ಳಗಾಗುತ್ತದೆ. ಗುಳ್ಳೆ ಇಲ್ಲ, ಮುಗ್ಗಲು ವಾಸನೆ ಇಲ್ಲ. ಮಂಚ ಮೊದಲಿದ್ದ ಜಾಗಕ್ಕೇ ಬಂದಿದೆ.

ಕಳೆದ ಮಳೆಯಲ್ಲಿ ಅಡುಗೆಮನೆಯ ಮಾಡಿನಲ್ಲಿ ಎರಡು ಕಡೆ ದಾರ ಕಟ್ಟಿದ್ದೇನೆ. ಒಂದು ಹೊಗೆಕಿಂಡಿಯ ಪಕ್ಕದ್ದು, ಅಲ್ಲಿನ ತಗಡು ತೂತಾಗಿರಬೇಕು. ಇನ್ನೊಂದು ಎಲ್ಲಿಂದ ಅಂತ ಇನ್ನೂ ಹಿಡಿಯಲು ಆಗಿಲ್ಲ. ತಂದ 60ರಲ್ಲಿ ಉಳಿದ 17 ಹಂಚು ಬಾವಿಕಟ್ಟೆಯ ಹತ್ತಿರ ಒರಗಿಸಿಟ್ಟಿವೆ. ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಿದ್ದ ಕೂಡಲೇ ಹತ್ತುತ್ತೇನೆ.